ಪೆಟ್ರೋಲಿಗೆ ಬೆರೆಸುವ ಬಾಟಲಿ: ಯಾವಾಗ ಹಾಕಬೇಕು, ಯಾವಾಗ ಬೇಡ

ಬಂಕಿನಲ್ಲಿ ಟ್ಯಾಂಕ್ ತುಂಬಿಸುತ್ತಿರುವಾಗ ಹುಡುಗ ಒಂದು ಸಣ್ಣ ಬಾಟಲಿ ತೋರಿಸಿ ಕೇಳುತ್ತಾನೆ. ‘ಸಾರ್, ಇಂಜೆಕ್ಟರ್ ಕ್ಲೀನರ್ ಹಾಕ್ಲಾ? ಮೈಲೇಜ್ ಬರುತ್ತೆ, ಪಿಕಪ್ ಚೆನ್ನಾಗಿರುತ್ತೆ.’ ಹಿಂದೆ ನಾಲ್ಕು ಗಾಡಿ ಕಾಯುತ್ತಿರುತ್ತವೆ, ಯೋಚನೆ ಮಾಡೋಕೆ ಟೈಮ್ ಇರೋದಿಲ್ಲ, ಹೂಂ ಅಂದುಬಿಡುತ್ತೇವೆ. ಆ ಹೂಂ ಅನ್ನೋ ಮುಂಚೆ ಏನೇನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ನೇರವಾಗಿ ಹೇಳುತ್ತೇನೆ. ಇಂಜಿನ್ ಒಳಗೆ ಕೊಳೆ ಕೂತಿದ್ದರೆ ಅದನ್ನು ತೊಳೆಯುವ ಬಾಟಲಿಗಳಿವೆ, ಅವು ನಿಜವಾಗಿಯೂ ಕೆಲಸ ಮಾಡುತ್ತವೆ. ಕೊಳೆಯೇ ಇಲ್ಲದ ಇಂಜಿನ್ನಿಗೆ ಹಾಕಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಇಲ್ಲದ ಮೈಲೇಜನ್ನು ಹುಟ್ಟಿಸುವ ಬಾಟಲಿಯನ್ನು ಮಾತ್ರ ನಂಬಬೇಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಪೆಟ್ರೋಲ್ ಉಳಿಸುತ್ತೇವೆ ಅಂತ ಹೇಳಿಕೊಂಡು ಬಂದ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಒಂದರಲ್ಲೂ ಕಾಣಲಿಲ್ಲ.

ಲೆಕ್ಕನೂ ಹಾಕಿ ನೋಡಿ. ಬಾಟಲಿಗೆ 400 ರೂಪಾಯಿ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. 35 ಲೀಟರ್ ಟ್ಯಾಂಕಿಗೆ ಒಂದು ಬಾಟಲಿ ಸುರಿದರೆ, ಆ ದುಡ್ಡು ವಾಪಸ್ ಬರೋಕೆ 35 ಲೀಟರ್ ಪೆಟ್ರೋಲು 39 ಲೀಟರಿನ ಕೆಲಸ ಮಾಡಬೇಕು. ಪ್ರತಿ ಸಲ ಟ್ಯಾಂಕ್ ತುಂಬಿಸುವಾಗಲೂ ಹಾಕಿ ಅನ್ನುವವರಿಗೆ ಈ ಲೆಕ್ಕ ಒಂದು ಸಲ ಹೇಳಿ.

ಬಾಟಲಿಗೂ ಮುಂಚೆ ಚಕ್ರ ನೋಡಿ

ಮೈಲೇಜ್ ಇಳಿದಿದೆ ಅಂದ ಕೂಡಲೇ ನಮ್ಮ ತಲೆ ಇಂಜಿನ್ ಕಡೆಗೇ ಓಡುತ್ತದೆ. ನನಗೂ ಹಾಗೇ ಆಯಿತು. ನನ್ನ ಹಳೇ ಪೆಟ್ರೋಲ್ ಕಾರು ಲೀಟರಿಗೆ 15 ಕೊಡುತ್ತಿದ್ದದ್ದು ಎರಡೇ ತಿಂಗಳಲ್ಲಿ 12ಕ್ಕೆ ಬಂತು. ಎರಡು ಬಾಟಲಿ ಹಾಕಿದೆ, ಏನೂ ಬದಲಾಗಲಿಲ್ಲ. ಆಮೇಲೊಂದು ದಿನ ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಟೀಗೆ ಅಂತ ನಿಲ್ಲಿಸಿದಾಗ ಹಿಂದಿನ ಎಡ ಚಕ್ರದ ಹತ್ತಿರ ಸುಟ್ಟ ವಾಸನೆ ಬಂತು. ರಿಮ್ ಹತ್ತಿರ ಕೈ ಇಟ್ಟರೆ ಒಲೆ ಮುಂದೆ ಹಿಡಿದ ಹಾಗೆ ಬಿಸಿ. ಬಲಗಡೆ ಚಕ್ರ ಸುಮ್ನೆ ಬೆಚ್ಚಗಿತ್ತು. ಮೆಕ್ಯಾನಿಕ್ ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಕೈಯಲ್ಲಿ ತಿರುಗಿಸಿದರು, ಅರ್ಧ ಸುತ್ತು ಕೂಡ ಹೋಗಲಿಲ್ಲ. ಡ್ರಮ್ ಬಿಚ್ಚಿದಾಗ ಗೊತ್ತಾಯಿತು, ವೀಲ್ ಸಿಲಿಂಡರ್ ತುಕ್ಕು ಹಿಡಿದು ಜಾಮ್ ಆಗಿತ್ತು, ಬ್ರೇಕ್ ಶೂ ಡ್ರಮ್ಮನ್ನು ಬಿಡುತ್ತಲೇ ಇರಲಿಲ್ಲ. ‘ಬ್ರೇಕ್ ಹಿಡ್ಕೊಂಡೇ ಓಡಿಸಿದ್ದೀರ ಸಾರ್ ಇಷ್ಟು ದಿನ’ ಅಂದರು. ಸಿಲಿಂಡರ್ ಬದಲಿಸಿದ ಮೇಲೆ ಮುಂದಿನ ಟ್ಯಾಂಕಿಗೆ ಮತ್ತೆ 15 ಬಂತು.

ಅದಕ್ಕೇ ದೂರದ ಪ್ರಯಾಣ ಮುಗಿದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಕಾರಣ ಅಲ್ಲೇ ಇದೆ. ಟೈರಿನ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಇವನ್ನೂ ನೋಡಿಸಿ. ಚೆಕ್ ಇಂಜಿನ್ ಲೈಟ್ ಉರಿಯುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ. ಸೆನ್ಸರ್ ಕೆಟ್ಟಿದ್ದರೆ ಬಾಟಲಿ ಏನು ಮಾಡೀತು?

ಇನ್ನೊಂದು ಕಾರಣ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ10ಕ್ಕೆ (ಶೇ. 10 ಎಥೆನಾಲ್) ಹೊಂದಿಸಿದ ಹಳೇ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ ಶೇ. 6-7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ಇದು ಕೊಳೆಯಿಂದ ಬಂದ ನಷ್ಟ ಅಲ್ಲ, ತೊಳೆದರೆ ವಾಪಸ್ ಬರೋದಿಲ್ಲ.

ಯಾವ ಬಾಟಲಿ ಏನು ಮಾಡುತ್ತದೆ

ಕೆಲಸಕ್ಕೆ ಬರೋದು ಕ್ಲೀನರ್. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ತುದಿಯ ತೂತುಗಳು ಕೂದಲೆಳೆಯಷ್ಟು ಸಣ್ಣವು. ಅಲ್ಲಿ ಕಾರ್ಬನ್ ಕಟ್ಟಿದರೆ ಮಂಜಿನ ಹಾಗೆ ಚಿಮ್ಮಬೇಕಾದ ಪೆಟ್ರೋಲ್ ಹನಿಹನಿಯಾಗಿ ಬೀಳುತ್ತದೆ, ಸರಿಯಾಗಿ ಉರಿಯೋದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜರ್ಕ್, ಸಿಗ್ನಲ್ಲಿನಲ್ಲಿ ನಿಂತಾಗ ನಡುಕ, ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡ, ಇವೆಲ್ಲ ಅದರ ಲಕ್ಷಣ ಇರಬಹುದು. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ, ಇಂಜಿನ್ ಸರಿಯಾಗಿ ಕಾಯುವ ಮುಂಚೆಯೇ ಆಫ್ ಆಗುವ ಗಾಡಿಗಳಲ್ಲಿ ಇದು ಜಾಸ್ತಿ.

ಇಲ್ಲಿ ನೋಡಬೇಕಾದ ಹೆಸರು ಪಿಇಎ, ಅಂದರೆ ಪಾಲಿಈಥರ್ ಅಮೈನ್. ಗಟ್ಟಿ ಕಾರ್ಬನ್ನನ್ನೂ ಕರಗಿಸುವ ಗುಣ ಇದಕ್ಕಿದೆ, ಇಂಜಿನ್ ಸಿಲಿಂಡರ್ ಒಳಗಿನ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಲೇಬಲ್ಲಿನಲ್ಲಿ ಬರೆದಿಲ್ಲದಿದ್ದರೆ ಆ ಕಂಪನಿಯ ವೆಬ್‌ಸೈಟಿನಲ್ಲಿ ಸೇಫ್ಟಿ ಡೇಟಾ ಶೀಟ್ ಹುಡುಕಿ, ಒಳಗೆ ಏನೇನಿದೆ ಅಂತ ಅಲ್ಲಿ ಸಿಗುತ್ತದೆ. ಬರೀ ಸೀಮೆಎಣ್ಣೆ ಜಾತಿಯ ದ್ರಾವಕ ಮಾತ್ರ ಇದ್ದರೆ ಬೇಡ. ಎಕ್ಸ್‌ಪಿ95, ಸ್ಪೀಡ್, ಪವರ್ ಅಂತ ಬಂಕಿನಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲಿನಲ್ಲಿ ಕ್ಲೀನರ್ ಮೊದಲೇ ಬೆರೆಸಿರುತ್ತಾರೆ. ಅದನ್ನೇ ಹಾಕಿಸುವವರಿಗೆ ಬಾಟಲಿಯ ಅಗತ್ಯ ಇನ್ನೂ ಕಡಿಮೆ.

ಒಂದು ಮುಖ್ಯ ವಿಷಯ. ನಿಮ್ಮದು ಎಂಪಿಎಫ್‌ಐ ಇಂಜಿನ್ನೋ ಜಿಡಿಐ ಇಂಜಿನ್ನೋ ತಿಳಿದುಕೊಳ್ಳಿ. ಎಂಪಿಎಫ್‌ಐನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆ ಚಿಮ್ಮಿ ಒಳಗೆ ಹೋಗುತ್ತದೆ, ಹಾಗಾಗಿ ಕ್ಲೀನರ್ ವಾಲ್ವನ್ನೂ ತೊಳೆಯುತ್ತದೆ. ಜಿಡಿಐ, ಟಿಎಸ್‌ಐ ಇಂಜಿನ್ನುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ, ವಾಲ್ವಿಗೆ ತಾಗೋದೇ ಇಲ್ಲ. ಟ್ಯಾಂಕಿಗೆ ಎಷ್ಟು ಬಾಟಲಿ ಸುರಿದರೂ ಆ ವಾಲ್ವಿನ ಕಾರ್ಬನ್ ಹೋಗೋದಿಲ್ಲ. ಅದನ್ನು ಬಿಚ್ಚಿಯೇ ತೆಗೆಸಬೇಕು. ಇಂಜೆಕ್ಟರ್ ತೊಳೆಯೋಕೆ ಮಾತ್ರ ಅಲ್ಲೂ ಕ್ಲೀನರ್ ಉಪಯೋಗಕ್ಕೆ ಬರುತ್ತದೆ.

ಆಕ್ಟೇನ್ ಬೂಸ್ಟರ್ ಬಹುತೇಕ ಯಾರಿಗೂ ಬೇಡ. ಆಕ್ಟೇನ್ ಅಂದರೆ ಪವರ್ ಅಲ್ಲ, ಕಿಡಿಯಿಂದ ಹೊತ್ತಿದ ಬೆಂಕಿ ತಲುಪುವ ಮುಂಚೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣ. ಹಾಗೆ ತಾನಾಗಿ ಹೊತ್ತಿಕೊಂಡು ಇಂಜಿನ್ ಟಕಟಕ ಬಡಿಯೋದೇ ನಾಕಿಂಗ್. ಅದು ಇಲ್ಲದ ಇಂಜಿನ್ನಿಗೆ ಆಕ್ಟೇನ್ ಏರಿಸಿ ಪ್ರಯೋಜನ ಇಲ್ಲ. ನಮ್ಮ ಇ20ಯ ಆಕ್ಟೇನ್ ಈಗಾಗಲೇ 95 ಇದೆ. ಬಾಟಲಿ ಮೇಲೆ ‘30 ಪಾಯಿಂಟ್’ ಅಂತ ಇದ್ದರೆ 95 ಹೋಗಿ 125 ಆಗುತ್ತದೆ ಅಂತ ಅಲ್ಲ. ಆ ಪಾಯಿಂಟ್ ಅಂದರೆ ಹತ್ತನೇ ಒಂದು ಪಾಲು, ಅಬ್ಬಬ್ಬಾ ಅಂದರೆ 98. ಕೆಲವು ಬೂಸ್ಟರುಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತ ಇರುತ್ತದೆ, ಅದು ಪ್ಲಗ್ಗಿನ ತುದಿಯಲ್ಲಿ ಇಟ್ಟಿಗೆ ಬಣ್ಣದ ಪುಡಿಯಾಗಿ ಕೂರುತ್ತದೆ. ಹಿಂದೆ ಇದೇ ಕೆಲಸಕ್ಕೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 1921ರಲ್ಲಿ ಕಂಡುಹಿಡಿದ ಆ ಸೇರ್ಪಡೆ ನಾಕಿಂಗ್ ನಿಲ್ಲಿಸಿದ್ದು ನಿಜ, ಆದರೆ ಅದು ವಿಷ. ನಮ್ಮ ದೇಶದಲ್ಲಿ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ.

ಟ್ಯಾಂಕಿನ ನೀರು ತೆಗೆಯುವ ಬಾಟಲಿಗಳಲ್ಲಿ ಇರೋದು ಹೆಚ್ಚಾಗಿ ಆಲ್ಕೊಹಾಲ್. 35 ಲೀಟರ್ ಇ20ಯಲ್ಲಿ ಆಗಲೇ 7 ಲೀಟರ್ ಎಥೆನಾಲ್ ಇದೆಯಲ್ವಾ, ಅದರ ಮೇಲೆ 200 ಮಿಲಿ ಸೇರಿಸಿ ಏನಾಗಬೇಕು? ನೀರು ಜಾಸ್ತಿಯಾಗಿ ಎಥೆನಾಲ್ ಬೇರ್ಪಟ್ಟು ತಳಕ್ಕೆ ಇಳಿದಿದ್ದರೆ ಟ್ಯಾಂಕ್ ಖಾಲಿ ಮಾಡಿಸೋದೇ ದಾರಿ.

ಡೀಸೆಲ್ ಗಾಡಿಯವರಿಗೆ ಎರಡೇ ಮಾತು. ಚಳಿಗೆ ಡೀಸೆಲ್ ಗಟ್ಟಿಯಾಗದಂತೆ ತಡೆಯುವ ಬಾಟಲಿ ಲಡಾಖಿನಂಥ ಜಾಗಕ್ಕೆ ಬೇಕು, ಮಡಿಕೇರಿಗೆ ಬೇಡ. ಇನ್ನು ಹೊಗೆಯ ವಿಷ ಕಡಿಮೆ ಮಾಡೋಕೆ ಹಾಕುವ ಆಡ್‌ಬ್ಲೂ ಇಂಧನಕ್ಕೆ ಬೆರೆಸುವ ವಸ್ತುವೇ ಅಲ್ಲ. ಅದು ಶೇ. 32.5 ಯೂರಿಯಾ, ಉಳಿದದ್ದು ನೀರು, ಅದಕ್ಕೆ ಬೇರೆಯೇ ಟ್ಯಾಂಕ್ ಇರುತ್ತದೆ. ಅಪ್ಪಿತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸಲೇಬೇಡಿ, ಟೋ ಮಾಡಿಸಿ.

ಹಾಕೋದು ಹೇಗೆ, ಅಳೆಯೋದು ಹೇಗೆ

ಮೊದಲು ಕಾರಿನ ಮ್ಯಾನ್ಯುಯಲ್ ತೆಗೆದು ಕಂಪನಿ ಏನು ಹೇಳಿದೆ ನೋಡಿ, ವಾರಂಟಿ ಇರುವ ಗಾಡಿಯಾದರೆ ಇದನ್ನು ಮರೆಯಬೇಡಿ. ಬಾಟಲಿ ಹಾಕುವ ಮುಂಚೆ ಮೂರು ಟ್ಯಾಂಕ್ ಮೈಲೇಜ್ ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ನಂಬಬೇಡಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ನಾಜಲ್, ತಾನಾಗಿ ಕಟ್ ಆಗುವ ತನಕ ಮಾತ್ರ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 412 ಕಿಲೋಮೀಟರ್ ಓಡಿ 27.6 ಲೀಟರ್ ಹಿಡಿಸಿದರೆ 14.9. ಒಂದೇ ಟ್ಯಾಂಕ್ ನೋಡಿ ತೀರ್ಮಾನ ಮಾಡಬೇಡಿ. ಟ್ರಾಫಿಕ್, ಎಸಿ, ಮಳೆ ಇಷ್ಟರಲ್ಲೇ ಅರ್ಧ ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ.

ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಬಾಟಲಿ ಸುರಿದು, ಮೇಲಿಂದ ಪೆಟ್ರೋಲ್ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. ಲೇಬಲ್ಲಿನ ಅಳತೆ ಮೀರಬೇಡಿ. ಆ ಟ್ಯಾಂಕನ್ನು ಆದಷ್ಟು ಹೈವೇಯಲ್ಲಿ ಓಡಿಸಿ ಮುಗಿಸಿ. ಇಂಜಿನ್ ಆಯಿಲ್ ಬದಲಿಸುವ ಸ್ವಲ್ಪ ಮುಂಚೆ ಹಾಕಿದರೆ ಒಳ್ಳೇದು, ಕ್ಲೀನರ್ ಒಂದಿಷ್ಟು ಆಯಿಲ್‌ಗೂ ಇಳಿಯುತ್ತದೆ, ಅದು ಹಳೇ ಆಯಿಲ್ ಜೊತೆ ಹೊರಗೆ ಹೋಗಲಿ.

ನಮ್ಮ ಅಕ್ಕನ ಕಾರಿಗೆ ಹೀಗೇ ಮಾಡಿದೆವು. ಎಂಪಿಎಫ್‌ಐ ಇಂಜಿನ್, ಮಕ್ಕಳ ಸ್ಕೂಲು, ತರಕಾರಿ ಅಂಗಡಿ, ಇಷ್ಟೇ ಓಡಾಟ. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು. ಪ್ಲಗ್, ಫಿಲ್ಟರ್ ಸರಿ ಇದ್ದವು. ಒಂದು ಪಿಇಎ ಬಾಟಲಿ ಹಾಕಿ ಮೈಸೂರಿಗೆ ಹೋಗಿಬಂದೆವು. ವಾಪಸ್ ಬರುವಾಗ ಟೋಲ್ ಹತ್ತಿರ ಸಾಲಿನಲ್ಲಿ ನಿಂತಾಗ ಅಕ್ಕ ಸ್ಟೀರಿಂಗ್ ಮೇಲೆ ಅಂಗೈ ಇಟ್ಟು, ‘ನೋಡೋ, ಆಫ್ ಆಗಿದ್ಯಾ ಇದು?’ ಅಂತ ಕೇಳಿದಳು. ಆಫ್ ಆಗಿರಲಿಲ್ಲ. ಮೈಲೇಜ್ ಮಾತ್ರ ಮುಂಚೆ ಎಷ್ಟಿತ್ತೋ ಅಷ್ಟೇ ಇದೆ. ಮುಂದಿನ ಬಾಟಲಿ ದೀಪಾವಳಿ ಹೊತ್ತಿಗೆ, ಆಯಿಲ್ ಬದಲಿಸುವ ಹಿಂದಿನ ವಾರ, ಅದೂ ಸ್ಟೀರಿಂಗ್ ಮತ್ತೆ ನಡುಗಿದರೆ.