ಎರಡೂ ಬಲಗಡೆಯ ಪ್ಲೇಟ್‌ಗಳೇ: ಮೂರು ಆಯಾಮದ ಮಾದರಿಯನ್ನು ಮೌಸ್‌ನಲ್ಲಿ ತಿರುಗಿಸಲು ಕಲಿತ ನನ್ನ ಅನುಭವ

ಮಂಡ್ಯದಲ್ಲಿ ನಮ್ಮದು ಆಲೆಮನೆಗಳಿಗೆ ಕಬ್ಬಿನ ಗಾಣ ರಿಪೇರಿ ಮಾಡಿಕೊಡುವ, ಕೇಳಿದವರಿಗೆ ಹೊಸದನ್ನೂ ಕಟ್ಟಿಕೊಡುವ ಸಣ್ಣ ವರ್ಕ್‌ಶಾಪ್. ನಾನು ಬಹಳ ಕಾಲ ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ಚಪ್ಪಟೆ ಡ್ರಾಯಿಂಗ್‌ಗಳನ್ನು ಮಾತ್ರ ಬರೆದುಕೊಂಡಿದ್ದವನು. ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ, ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಮೂರು ರೋಲರ್‌ಗಳ ಗಾಣವೊಂದನ್ನು ಇಡಿಯಾಗಿ ಮೂರು ಆಯಾಮದಲ್ಲಿ ಕಟ್ಟಿ ನೋಡೋಣವೆಂದು ಫ್ರೀಕ್ಯಾಡ್ ಎಂಬ ಇನ್ನೊಂದು ತಂತ್ರಾಂಶ ಹಾಕಿಕೊಂಡಾಗ, ಮಾದರಿ ಕಟ್ಟುವುದಕ್ಕಿಂತ ಅದನ್ನು ನನಗೆ ಬೇಕಾದ ಕಡೆಯಿಂದ ನೋಡುವುದೇ ದೊಡ್ಡ ಕಷ್ಟವಾಯಿತು.

ಕಷ್ಟದ ಮೂಲ ಲೆಕ್ಕದಲ್ಲೇ ಇದೆ. ಮೇಜಿನ ಮೇಲೆ ಮೌಸ್ ಸರಿಯುವುದು ಎರಡೇ ದಿಕ್ಕಿನಲ್ಲಿ. ಆದರೆ ಒಂದು ವಸ್ತುವನ್ನು ನೋಡುವ ನೆಲೆ ಮೂರು ದಿಕ್ಕಿನಲ್ಲಿ ಸರಿಯಬಲ್ಲದು, ಮೂರು ಅಕ್ಷಗಳ ಸುತ್ತ ತಿರುಗಬಲ್ಲದು. ಆರು ಚಲನೆಗಳನ್ನು ಎರಡರಲ್ಲಿ ತುರುಕಬೇಕಾದ್ದರಿಂದಲೇ ಗುಂಡಿ, ಚಕ್ರ, ಶಿಫ್ಟ್ ಕೀಲಿಗಳ ಈ ಎಲ್ಲ ಜೋಡಣೆಗಳು ಹುಟ್ಟಿಕೊಂಡಿವೆ, ಮತ್ತು ಒಂದು ತಂತ್ರಾಂಶದ ಜೋಡಣೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆಟೋಕ್ಯಾಡ್‌ನಲ್ಲಿ ಚಕ್ರವನ್ನು ಒತ್ತಿ ಹಿಡಿದು ಎಳೆದರೆ ನೋಟ ಪಕ್ಕಕ್ಕೆ ಸರಿಯುತ್ತದೆ, ಜೊತೆಗೆ ಶಿಫ್ಟ್ ಹಿಡಿದರೆ ತಿರುಗುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಚಕ್ರವನ್ನು ಒತ್ತಿ ಎಳೆದರೆ ತಿರುಗುತ್ತದೆ, ಕಂಟ್ರೋಲ್ ಹಿಡಿದರೆ ಸರಿಯುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಡಿಸೈನ್ ಕಚೇರಿಗೆ ಹೋಗಿ ಅವರ ಸಾಲಿಡ್‌ವರ್ಕ್ಸ್ ಮುಂದೆ ಕುಳಿತಾಗಲೆಲ್ಲ ಮೊದಲ ಅರ್ಧ ಗಂಟೆ ನನ್ನ ಕೈ ತಪ್ಪುತ್ತಲೇ ಇರುತ್ತದೆ. ಅಲ್ಲಿ ಚಕ್ರವನ್ನು ಮುಂದಕ್ಕೆ ಉರುಳಿಸಿದರೆ ಮಾದರಿ ಹತ್ತಿರ ಬರುವ ಬದಲು ದೂರ ಹೋಗುತ್ತದೆ.

ಫ್ರೀಕ್ಯಾಡ್‌ನಲ್ಲಿ ಇಂಥ ಮೌಸ್ ಜೋಡಣೆಗಳಿಗೆ ಶೈಲಿ ಎನ್ನುತ್ತಾರೆ; ಅದು ಮೊದಲಿಗೆ ಕೊಡುವ ಶೈಲಿಗೆ ಕ್ಯಾಡ್ ಎಂದೇ ಹೆಸರು. ಅದರಲ್ಲಿ ತಿರುಗಿಸಬೇಕಾದರೆ ಮೊದಲು ಚಕ್ರವನ್ನು ಒತ್ತಿ ಹಿಡಿದು, ಅದನ್ನು ಬಿಡದೆಯೇ ಎಡ ಗುಂಡಿಯನ್ನೂ ಒತ್ತಿ ಎಳೆಯಬೇಕು. ನಾನು ಮೊದಲಿಂದಲೂ ತೋರುಬೆರಳಿನಲ್ಲೇ ಚಕ್ರ ಉರುಳಿಸುತ್ತಿದ್ದವನು. ಆ ಬೆರಳು ಚಕ್ರದ ಮೇಲೆ ಕೂತರೆ ಎಡ ಗುಂಡಿಗೆ ಬೆರಳೇ ಉಳಿಯುವುದಿಲ್ಲ. ಮಾದರಿ ತಿರುಗದೆ ಬರೀ ಸರಿಯುತ್ತಿತ್ತು, ನಾನು ತಂತ್ರಾಂಶವನ್ನು ಬೈಯುತ್ತಿದ್ದೆ. ಕೊನೆಗೆ ತೋರುಬೆರಳು ಎಡ ಗುಂಡಿಯ ಮೇಲೆ, ನಡುಬೆರಳು ಚಕ್ರದ ಮೇಲೆ, ಉಂಗುರಬೆರಳು ಬಲ ಗುಂಡಿಯ ಮೇಲೆ ಇಟ್ಟು ಅಭ್ಯಾಸ ಮಾಡಿದ ಮೇಲೆ ಹಾದಿಗೆ ಬಂತು. ಆದರೂ ನನ್ನ ಮೌಸ್‌ನ ಚಕ್ರ ಗಟ್ಟಿಯಾಗಿದ್ದುದರಿಂದ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತಿತ್ತು. ಈಗ ನಾನು ಬಳಸುವುದು ರೆವಿಟ್ ಎಂಬ ಶೈಲಿಯನ್ನು. ಅದರಲ್ಲಿ ಚಕ್ರವನ್ನು ಒತ್ತಿ ಎಳೆದರೆ ಸರಿಯುತ್ತದೆ, ಶಿಫ್ಟ್ ಹಿಡಿದರೆ ತಿರುಗುತ್ತದೆ, ಅಂದರೆ ಆಟೋಕ್ಯಾಡ್‌ನಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯಲು ಏನೂ ಇಲ್ಲ.

ಇಷ್ಟು ಸರಿಮಾಡಿಕೊಂಡ ಮೇಲೆ ಎಲ್ಲ ಗೊತ್ತಾಯಿತೆಂದು ತಿಳಿದಿದ್ದೆ. ಆಗಲೇ ಒಂದು ಪ್ಲೇಟ್ ಹಾಳಾಯಿತು.

ಗಾಣದ ರೋಲರ್‌ಗಳನ್ನು ಎರಡು ಬದಿಯಲ್ಲೂ ಹಿಡಿದಿಡುವ 20 ಮಿಲಿಮೀಟರ್ ದಪ್ಪದ ಪ್ಲೇಟ್‌ಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ. ಬೇರಿಂಗ್ ಹೌಸಿಂಗ್, ಅಂದರೆ ರೋಲರಿನ ಬೇರಿಂಗ್ ಕೂರುವ ಗೂಡು, ಹೊರಗಡೆ ಕೂರುತ್ತದೆ. ಅದನ್ನು ಹಿಡಿಯುವ ಎಂ10 ಅಲೆನ್ ಬೋಲ್ಟ್‌ಗಳ ತಲೆ ರೋಲರ್ ಇರುವ ಒಳಮುಖದಲ್ಲಿ ಬರುವುದರಿಂದ, ಅಲ್ಲಿ 18 ಮಿಲಿಮೀಟರ್ ಅಗಲ, 11 ಮಿಲಿಮೀಟರ್ ಆಳದ ಗುಳಿ ತೆಗೆದು ತಲೆಯನ್ನು ಮುಳುಗಿಸಬೇಕು. ಮಾದರಿಯಲ್ಲಿ ಬಲಗಡೆಯ ಪ್ಲೇಟಿಗೆ ಗುಳಿಗಳನ್ನು ಸರಿಯಾಗಿಯೇ ತೆಗೆದೆ. ಎಡಗಡೆಯದಕ್ಕಾಗಿ ಗುಳಿಯಿಲ್ಲದ ಪ್ಲೇಟಿನ ಪ್ರತಿ ಮಾಡಿಕೊಂಡು, ಒಂದು ಬೇರಿಂಗ್ ರಂಧ್ರದ ಹತ್ತಿರಕ್ಕೆ ಝೂಮ್ ಮಾಡಿ, ಹಿಂಬದಿಗೆ ಹೋಗಲೆಂದು ತಿರುಗಿಸಿದೆ. ತಿರುಗುವ ಕೇಂದ್ರ ಇಡೀ ವಸ್ತುವಿನ ನಡುವೆ, ನಾನು ನೋಡುತ್ತಿದ್ದ ರಂಧ್ರದಿಂದ ದೂರದಲ್ಲಿತ್ತು. ಮೌಸ್ ಸ್ವಲ್ಪ ಎಳೆದರೆ ಸಾಕು, ರಂಧ್ರ ಪರದೆಯಿಂದಾಚೆಗೆ ಹಾರಿಹೋಗುತ್ತಿತ್ತು. ಅದನ್ನು ಹುಡುಕಿ, ಮತ್ತೆ ತಿರುಗಿಸಿ, ಮತ್ತೆ ಹುಡುಕಿ, ಕೊನೆಗೆ ಕಂಡ ಮುಖವೇ ಹಿಂಬದಿಯದೆಂದು ನಂಬಿ ಗುಳಿ ತೆಗೆದುಬಿಟ್ಟೆ. ಅದು ಮೊದಲಿನ ಮುಖವೇ ಆಗಿತ್ತು. ಸುತ್ತ ನಾಲ್ಕು ತೂತುಗಳಿರುವ ದುಂಡು ರಂಧ್ರ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುತ್ತದೆ.

ಅನುಮಾನ ಬರದೆ ಇರಲಿಲ್ಲ. ಅಂಚಿನ ಗೆರೆಗಳನ್ನಷ್ಟೇ ತೋರಿಸುವ ವೈರ್‌ಫ್ರೇಮ್‌ಗೆ ಬದಲಾಯಿಸಿ ನೋಡಿದೆ, ಗುಳಿ ಹಿಂದೆಯೇ ಇದ್ದಂತೆ ಕಂಡಿತು. ಗೆರೆಗಳಲ್ಲಿ ಮಾತ್ರ ಬರೆದ ಘನದ ಯಾವ ಮುಖ ಮುಂದಿದೆ ಎಂಬುದು ಕಣ್ಣಿಗೆ ಅದಲುಬದಲಾಗಿ ತೋರುತ್ತದೆಂದು ಸ್ವಿಟ್ಜರ್ಲೆಂಡಿನ ಸ್ಫಟಿಕಶಾಸ್ತ್ರಜ್ಞ ಲೂಯಿ ಆಲ್ಬರ್ಟ್ ನೆಕರ್ 1832ರಲ್ಲೇ ಬರೆದಿಟ್ಟಿದ್ದಾನೆ; ನಾನು ಅದನ್ನು ಓದಿದ್ದು ಪ್ಲೇಟ್ ಕೆಟ್ಟ ಮೇಲೆ. ಆ ಮಾದರಿಯಂತೆಯೇ ಮಾಡಿದ ಪ್ಲೇಟ್‌ಗಳನ್ನು ಜೋಡಿಸಲು ಕೂತ ನಮ್ಮ ಫಿಟ್ಟರ್ ಎರಡನ್ನೂ ಎದುರುಬದುರು ನಿಲ್ಲಿಸಿ, "ಇದೇನ್ ಸಾರ್, ಎರಡೂ ಬಲಗಾಲಿನ ಚಪ್ಪಲಿ ಆಯ್ತಲ್ಲ! ಬೋಲ್ಟ್ ತಲೆ ಒಳಗಡೆ ಎದ್ದು ನಿಂತ್ರೆ ರೋಲರ್‌ಗೆ ತಗಲಲ್ವಾ?" ಎಂದರು. ಇನ್ನೊಂದು ಮುಖದಿಂದಲೂ 11 ಮಿಲಿಮೀಟರ್ ಗುಳಿ ತೆಗೆದರೆ 20 ಮಿಲಿಮೀಟರ್ ಪ್ಲೇಟ್ ತೂತೇ ಬೀಳುತ್ತದೆ. ಬೇರೆ ಪ್ಲೇಟ್ ಕೊಯ್ಸಬೇಕಾಯಿತು.

ಆ ರಾತ್ರಿ ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಡಿಸ್‌ಪ್ಲೇ ವಿಭಾಗದ ನ್ಯಾವಿಗೇಶನ್ ಪುಟವನ್ನು ತೆರೆದು, ಅಲ್ಲಿಯವರೆಗೆ ಮುಟ್ಟದೆ ಬಿಟ್ಟಿದ್ದ ಎರಡು ಆಯ್ಕೆಗಳನ್ನು ಬದಲಾಯಿಸಿದೆ. ತಿರುಗುವ ಕೇಂದ್ರವನ್ನು ಮೌಸ್‌ನ ಬಾಣ ಇರುವ ಜಾಗಕ್ಕೆ ತಂದೆ. ಈಗ ರಂಧ್ರದ ಅಂಚಿನ ಮೇಲೆ ಬಾಣವಿಟ್ಟು ಎಳೆದರೆ ಆ ಅಂಚು ಇದ್ದಲ್ಲೇ ನಿಂತು ಉಳಿದದ್ದು ಅದರ ಸುತ್ತ ತಿರುಗುತ್ತದೆ. ಎರಡನೆಯದಾಗಿ, ತಿರುಗುವ ಬಗೆಯನ್ನು ಟ್ರ್ಯಾಕ್‌ಬಾಲ್‌ನಿಂದ ಟರ್ನ್‌ಟೇಬಲ್‌ಗೆ ಬದಲಾಯಿಸಿದೆ. ಟ್ರ್ಯಾಕ್‌ಬಾಲ್‌ನಲ್ಲಿ ಪರದೆಯ ಮೇಲೆ ಕಾಣದ ಚೆಂಡೊಂದನ್ನು ಅಂಗೈಯಲ್ಲಿ ಉರುಳಿಸಿದಂತೆ. ಮೌಸ್ ಸಣ್ಣ ಸಣ್ಣ ಸುತ್ತು ಹೊಡೆದರೆ ನಮಗೆ ಅರಿವಾಗದಂತೆ ಮಾದರಿ ವಾಲುತ್ತಾ ಹೋಗುತ್ತದೆ. ಟರ್ನ್‌ಟೇಬಲ್ ಕುಂಬಾರನ ತಿಗುರಿಯಂತೆ, ನಿಂತದ್ದು ಪಕ್ಕಕ್ಕೆ ವಾಲುವುದಿಲ್ಲ. ಆಭರಣದಂಥ ಆಕಾರಗಳಿಗೆ ಟ್ರ್ಯಾಕ್‌ಬಾಲ್ ಸೊಗಸಿರಬಹುದು, ನೆಲದ ಮೇಲೆ ನಿಲ್ಲುವ ಯಂತ್ರಕ್ಕೆ ತಿಗುರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೌಸ್‌ನಲ್ಲಿ ತಿರುಗಿಸುವುದನ್ನೇ ಕಡಿಮೆ ಮಾಡಿದ್ದು ಇದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಫ್ರೀಕ್ಯಾಡ್‌ನಲ್ಲಿ 1 ಒತ್ತಿದರೆ ಮುಂದಿನ ನೋಟ, 2 ಮೇಲಿನದು, 3 ಬಲದ್ದು, 4 ಹಿಂದಿನದು, 5 ಕೆಳಗಿನದು, 6 ಎಡದ್ದು, ಸೊನ್ನೆ ಒತ್ತಿದರೆ ಓರೆಯ ನೋಟ. ಕಬ್ಬು ಕೊಡುವ ಕಡೆಯನ್ನೇ ಮುಂಭಾಗವೆಂದು ಇಟ್ಟುಕೊಂಡರೆ, ಬಲ ಪ್ಲೇಟಿನ ಒಳಮುಖ 6ರಲ್ಲಿ, ಎಡ ಪ್ಲೇಟಿನದು 3ರಲ್ಲಿ ಕಾಣಲೇಬೇಕು. ಯಾವ ಮುಖದ ಮೇಲೆ ಗುಳಿ ತೆಗೆಯುವ ಮೊದಲೂ ಆ ಅಂಕಿಯನ್ನು ಒತ್ತಿ, ಯಾವ ಕಡೆಯ ನೋಟವೆಂದು ತೋರಿಸುವ, ಪರದೆಯ ಮೂಲೆಯ ಘನದ ಮೇಲಿನ ಹೆಸರನ್ನು ಓದಿಯೇ ಮುಂದುವರಿಯುತ್ತೇನೆ. ದಾರಿ ತಪ್ಪಿದರೆ ವಿ ಮತ್ತು ಎಫ್ ಒಂದರ ನಂತರ ಒಂದು ಒತ್ತಿದರೆ ಇಡೀ ಗಾಣ ಪರದೆಗೆ ಬರುತ್ತದೆ. ವಿ ಮತ್ತು ಎಸ್ ಒತ್ತಿದರೆ ಆರಿಸಿಕೊಂಡ ಭಾಗ ಮಾತ್ರ.

ಆಲೆಮನೆಗಳಿಗೆ ಲ್ಯಾಪ್‌ಟಾಪ್ ಒಯ್ಯುವಾಗ ಮೌಸ್ ಇಡಲು ಸಮತಟ್ಟಾದ ಜಾಗವೇ ಸಿಗುವುದಿಲ್ಲ. ಅಲ್ಲಿ ಗೆಸ್ಚರ್ ಶೈಲಿಗೆ ಬದಲಾಯಿಸಿಕೊಳ್ಳುತ್ತೇನೆ. ಎಡ ಗುಂಡಿ ಹಿಡಿದು ಎಳೆದರೆ ತಿರುಗುವುದರಿಂದ ಟಚ್‌ಪ್ಯಾಡ್ ಸಾಕಾಗುತ್ತದೆ. ಆದರೂ ಅದನ್ನು ಬಳಸುವ ಸಂದರ್ಭ ಕಡಿಮೆ. ಹೋದ ಸಲ ಆಲೆಮನೆಯ ಯಜಮಾನರು ಕೊಪ್ಪರಿಗೆಯ ಪಕ್ಕ ನಿಂತೇ, "ಸಿಪ್ಪೆ ಬೀಳೋ ಕಡೆಯಿಂದ ತೋರ್ಸಪ್ಪ, ನಾನ್ ದಿನಾ ನಿಲ್ಲೋದು ಅಲ್ಲೇ" ಎಂದರು. 4 ಒತ್ತಿದೆ.