ಮುದಿ ದನದಲ್ಲಿ ವಿಲಕ್ಷಣ ಬಿಎಸ್‌ಇ ಶಂಕೆ: ಮಿದುಳಿನ ಮಾದರಿ ಕೆಡದಂತೆ ತೆಗೆಯುವುದು

ಎಂಟು ವರ್ಷ ದಾಟಿದ ದನ ಸಣ್ಣ ಸದ್ದಿಗೂ ಬೆಚ್ಚುತ್ತದೆ, ಹಾಲು ಕರೆಯುವಾಗ ಒದೆಯುತ್ತದೆ, ಹಿಂಗಾಲು ತೂರಾಡುತ್ತದೆ, ತಿಂದರೂ ಸೊರಗುತ್ತದೆ. ಹೀಗೆ ವಾರಗಟ್ಟಲೆ ಎಳೆದರೆ ಬಿಎಸ್‌ಇ, ಅಂದರೆ ಹುಚ್ಚು ದನದ ರೋಗ, ನೆನಪಿರಲಿ. ಭಾರತದ ಅಪಾಯ ನಗಣ್ಯವೆಂದು 2010ರಲ್ಲೇ ವಿಶ್ವ ಪಶು ಆರೋಗ್ಯ ಸಂಸ್ಥೆ ಒಪ್ಪಿದೆ, ನಿಜ. ಆದರೆ ಬ್ರಿಟನ್ನಿನಲ್ಲಿ ಮೇವಿನ ಮಾಂಸ-ಮೂಳೆ ಹಿಟ್ಟಿನಿಂದ ಹಬ್ಬಿದ್ದು ಮಾಮೂಲಿ ತಳಿ; ‘ವಿಲಕ್ಷಣ’ ಎನ್ನುವ ಎಚ್ ಮತ್ತು ಎಲ್ ತಳಿಗಳಿಗೆ ಆ ಹಿಟ್ಟೇ ಬೇಕೆಂದಿಲ್ಲ. ಮುದಿ ದನದಲ್ಲಿ ತಾವಾಗಿಯೇ ಹುಟ್ಟುತ್ತವೆ ಎಂಬುದು ಪರಿಣತರ ಎಣಿಕೆ.

ಹಾಗಿದ್ದರೂ ಉಡುಪಿ, ಮಂಗಳೂರಿನ ಹಟ್ಟಿಯಲ್ಲಿ ಮೊದಲ ಶಂಕೆ ರೇಬಿಸ್ ಮೇಲೆಯೇ ಇರಬೇಕು. ಜೊಲ್ಲು ಸುರಿಸುವ ದನದ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕುವುದೇ ದೊಡ್ಡ ತಪ್ಪು. ರೇಬಿಸ್‌ನಲ್ಲಿ ದನ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಇಂಥ ಲಕ್ಷಣಕ್ಕೆ ಬೇರೆ ಕಾರಣಗಳನ್ನೂ ನೋಡಿ: ಕರು ಹಾಕಿ ಮೂರು ದಿನದೊಳಗಾದರೆ ಕ್ಯಾಲ್ಸಿಯಂ ಕೊರತೆ; ಕೀಟೋಸಿಸ್‌ಗೆ (ಹಾಲು ಕೊಡುವ ದನಕ್ಕೆ ಶಕ್ತಿ ಸಾಲದೆ ಬರುವ ಕಾಯಿಲೆ) ಮೂತ್ರ ಪರೀಕ್ಷೆ; ಹಳೆ ಬ್ಯಾಟರಿ ನೆಕ್ಕಿದ್ದರೆ ಸೀಸದ ವಿಷ.

ಸತ್ತ ಮೇಲೆ ಮಾದರಿ ತೆಗೆಯುವುದು ರೇಬಿಸ್ ಲಸಿಕೆ ಹಾಕಿಸಿಕೊಂಡ ಪಶುವೈದ್ಯರ ಕೆಲಸ. ಎರಡು ಜೊತೆ ಗ್ಲೌಸ್, ಎನ್95 ಮಾಸ್ಕ್, ಮುಖಕವಚ ಬೇಕು. ವಿದ್ಯುತ್ ಗರಗಸ ಬೇಡ, ಕಣ ಹಾರುತ್ತದೆ. ಬುರುಡೆ ಮತ್ತು ಮೊದಲ ಕತ್ತಿನ ಮೂಳೆಯ ಸಂದಿಯಲ್ಲಿ ತಲೆ ಬೇರ್ಪಡಿಸಿ, ಹಿಂಬದಿಯ ದೊಡ್ಡ ರಂಧ್ರದಲ್ಲಿ ಉದ್ದ ಹಿಡಿಯ ಚಮಚ ತೂರಿಸಿ. ಮೂಳೆಗೆ ಒತ್ತಿಕೊಂಡೇ ಸುತ್ತಲಿನ ನರ ಕತ್ತರಿಸುತ್ತ ಹೋದರೆ ಮಿದುಳಕಾಂಡ ಇಡಿಯಾಗಿ ಬರುತ್ತದೆ, ಎಳೆದರೆ ಹರಿಯುತ್ತದೆ. ಅದರ ಮೇಲೆ ‘ವಿ’ ಆಕಾರ ಕಾಣುವ ಜಾಗವೇ ಓಬೆಕ್ಸ್. ಅದನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಹಸಿಯಾಗಿಯೇ ಐಸ್ ಮೇಲಿಡಿ, ಅರ್ಧವನ್ನು ಹತ್ತು ಪಟ್ಟು ಪ್ರಮಾಣದ 10% ಫಾರ್ಮಲಿನ್‌ಗೆ ಹಾಕಿ. ರೇಬಿಸ್‌ಗಾಗಿ ಕಿರುಮಿದುಳಿನ ತುಂಡೂ ಹಸಿಯಾಗಿರಲಿ.

ಎಲ್ಲವನ್ನೂ ಫಾರ್ಮಲಿನ್‌ಗೆ ಸುರಿದರೆ ಕೆಲಸ ಕೆಟ್ಟಿತು. ತಳಿ ತಿಳಿಯುವುದು ಹಸಿ ಅಂಗಾಂಶದ ವೆಸ್ಟರ್ನ್ ಬ್ಲಾಟ್‌ನಿಂದ, ಅಂದರೆ ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟೆಗಳಾಗಿ ಬೇರ್ಪಡಿಸುವ ಪರೀಕ್ಷೆಯಿಂದ: ಸಕ್ಕರೆ ಅಂಟದ ಪ್ರೋಟೀನಿನ ಪಟ್ಟೆ ಎಚ್‌ನಲ್ಲಿ ಮಾಮೂಲಿಗಿಂತ ತುಸು ಮೇಲೆ, ಎಲ್‌ನಲ್ಲಿ ತುಸು ಕೆಳಗೆ ನಿಲ್ಲುತ್ತದೆ. ಕರಾವಳಿಯ ಸೆಕೆಗೆ ಮಿದುಳು ಗಂಜಿಯಂತಾಗಿದ್ದರೂ ಚೆಲ್ಲಬೇಡಿ, ಈ ರೋಗ ತರುವ ವಿಕಾರಗೊಂಡ ಪ್ರೋಟೀನ್, ಅಂದರೆ ಪ್ರಿಯಾನ್, ಸುಲಭಕ್ಕೆ ಕೊಳೆಯುವುದಿಲ್ಲ. ಮಾದರಿ ಪಶುಪಾಲನಾ ಇಲಾಖೆಯ ಮೂಲಕವೇ ಭೋಪಾಲದ ರಾಷ್ಟ್ರೀಯ ಪಶುರೋಗ ಪ್ರಯೋಗಾಲಯಕ್ಕೆ ಹೋಗಲಿ.

ಸ್ಪಿರಿಟ್, ಕುದಿನೀರು, ಫಾರ್ಮಲಿನ್ ಯಾವುದಕ್ಕೂ ಪ್ರಿಯಾನ್ ಬಗ್ಗದು. ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಸಲಕರಣೆಗಳನ್ನು ಒಂದು ಗಂಟೆ ಮುಳುಗಿಸಿಡಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ. ಕಳೇಬರ ಸುಡುವುದೇ ಲೇಸು. ಮಳೆಗಾಲದಲ್ಲಿ ಬಾವಿಯ ಒರತೆ ಮೇಲೇರುವ ಕಡೆ ಹೂಳಬೇಡಿ.