ಒಂದೇ ಉತ್ತರಪತ್ರಿಕೆಗೆ ಐವರ ಅಂಕ: ಶಾಲೆ ಮುಚ್ಚಿದ್ದಾಗ ನಾನು ಮೌಲ್ಯಮಾಪನ ಕಲಿತ ಬಗೆ

ಕೊರೊನಾದಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ ಮಕ್ಕಳ ಓದು ಮತ್ತು ಬರವಣಿಗೆಯನ್ನು ಫೋನಿನ ಮೂಲಕ ಅಳೆಯಲು ಹೊರಟಾಗ ನಮ್ಮ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಬಹುತೇಕ ಶಿಕ್ಷಕರು ಇದು ಆಗದ ಕೆಲಸವೆಂದಿದ್ದರು. "ಫೋನಿನಾಗ ಓದಿಸಿ ಕೊಟ್ಟ ಅಂಕ ಯಾರು ನಂಬ್ತಾರ್ರಿ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಭೆಯಲ್ಲೇ ಕೇಳಿದ್ದರು. 2021ರ ಸೆಪ್ಟೆಂಬರ್ 6ರಂದು ಆರರಿಂದ ಎಂಟನೆಯ ತರಗತಿಗಳು ಮತ್ತೆ ತೆರೆದ ಮೇಲೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಉತ್ತರ ನನ್ನ ಪರವಾಗಿತ್ತು ಎಂಬ ಕಾರಣಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಗುಳೇದಗುಡ್ಡದ ಸಮೀಪದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆಗ ಆರು ಮತ್ತು ಏಳನೆಯ ತರಗತಿ ಸೇರಿ ನನ್ನ ಪಾಲಿಗೆ ಸುಮಾರು 58 ಮಕ್ಕಳಿದ್ದರು.

ಮೊದಲ ಮೂರು ತಿಂಗಳು ಸಂಪೂರ್ಣವಾಗಿ ವ್ಯರ್ಥವಾದವು. ಗೂಗಲ್ ಫಾರ್ಮಿನಲ್ಲಿ ಬಹುಆಯ್ಕೆಯ ಪ್ರಶ್ನೆಗಳನ್ನು ಕಳಿಸಿದೆ. ಉತ್ತರಿಸಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಮೂವರನ್ನು ಬಿಟ್ಟು ಎಲ್ಲರಿಗೂ ಪೂರ್ಣ ಅಂಕ ಬಂದಿತ್ತು, ಏಕೆಂದರೆ ಒಬ್ಬನ ಉತ್ತರ ಅರ್ಧ ಗಂಟೆಯೊಳಗೆ ಓಣಿಯ ತುಂಬ ಹರಡಿತ್ತು. ಬರೆದು ಫೋಟೋ ಕಳಿಸಲು ಹೇಳಿದಾಗ ಅಕ್ಕಂದಿರ ಕೈಬರಹ ಬಂದಿತು. ಪಾಠದ ವಿಡಿಯೋ ಮಾಡೋಣವೆಂದು ಸುಮಾರು 1,800 ರೂಪಾಯಿ ಕೊಟ್ಟು ಮೈಕು ಮತ್ತು ಸ್ಟ್ಯಾಂಡು ಕೊಂಡೆ, ಅವು ಇಂದಿಗೂ ಕಪಾಟಿನಲ್ಲಿವೆ. ಫೋನಿದ್ದ ಮನೆಗಳು ನಲವತ್ತರಷ್ಟಿದ್ದರೂ ಹಗಲಿನಲ್ಲಿ ಮಗುವಿನ ಕೈಗೆ ಸ್ಮಾರ್ಟ್‌ಫೋನ್ ಸಿಗುತ್ತಿದ್ದದ್ದು ಹದಿನೇಳೋ ಹದಿನೆಂಟೋ ಮನೆಗಳಲ್ಲಿ ಮಾತ್ರ. ಇದನ್ನು ಮೊದಲೇ ಎಣಿಸಿ ನೋಡದಿದ್ದದ್ದು ನನ್ನ ತಪ್ಪು.

ಆಮೇಲೆ ಸಾಮಾನ್ಯ ಕರೆಗೆ ಇಳಿದೆ. ಮಗು ಮಿಸ್ಡ್ ಕಾಲ್ ಕೊಡುವುದು, ನಾನು ತಿರುಗಿ ಕರೆ ಮಾಡುವುದು, ಒಂದು ನಿಮಿಷ ಓದಿಸಿ ಸರಿಯಾಗಿ ಓದಿದ ಪದಗಳನ್ನು ಎಣಿಸುವುದು, ನಂತರ ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸುವುದು. ಒಂದು ಮಗುವಿಗೆ ಏಳು ನಿಮಿಷ, ದಿನಕ್ಕೆ ಹತ್ತು ಮಕ್ಕಳು. ಇಲ್ಲಿಯೂ ಒಮ್ಮೆ ಮೋಸಹೋದೆ. ಒಬ್ಬ ಹುಡುಗಿ ಪಠ್ಯಪುಸ್ತಕದ ಪಾಠವನ್ನು ಎಲ್ಲಿಯೂ ತಡವರಿಸದೆ ಓದಿದಳು. ನಾನು ಮೆಚ್ಚಿ ಬರೆದುಕೊಂಡ ಮೇಲೆ, ಪುಸ್ತಕ ಅಷ್ಟು ಹೊತ್ತೂ ತಂಗಿಯ ಕೈಯಲ್ಲಿತ್ತೆಂದು ಅವಳ ತಾಯಿಯೇ ಹೇಳಿದರು. ಅವಳು ಇಡೀ ಪಾಠವನ್ನು ಕಂಠಪಾಠ ಮಾಡಿದ್ದಳು. ಅಂದಿನಿಂದ ಪುಸ್ತಕದ ಹೊರಗಿನ, ಅರವತ್ತು ಎಪ್ಪತ್ತು ಪದಗಳ ವಾಕ್ಯವೃಂದಗಳನ್ನು ನಾನೇ ಬರೆದು, ಝೆರಾಕ್ಸ್ ಮಾಡಿಸಿ, ಮಡಚಿ ಪಿನ್ ಹೊಡೆದು ಹಂಚತೊಡಗಿದೆ. 2020ರ ಆಗಸ್ಟ್‌ನಲ್ಲಿ, ಶಿಕ್ಷಕರು ಊರಿನಲ್ಲೇ ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ ಸೇರಿಸಿ ಕಲಿಸುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಆರಂಭವಾದದ್ದು ಇದಕ್ಕೆ ಅನುಕೂಲವಾಯಿತು. ಅಕ್ಟೋಬರ್‌ನಲ್ಲಿ ಅದು ನಿಂತಾಗ ಚೀಟಿಗಳನ್ನು ಕಿರಾಣಿ ಅಂಗಡಿಯಲ್ಲಿಟ್ಟು ಹಂಚಿದೆ. ಪಿನ್ನನ್ನು ಕರೆಯ ಸಮಯದಲ್ಲೇ ಬಿಚ್ಚಬೇಕಿತ್ತು. ಬಿಚ್ಚಿ ಮೊದಲೇ ಓದಿಕೊಂಡಿದ್ದಾರೆಯೇ ಎಂಬುದನ್ನು ಕಂಡುಹಿಡಿಯಲು ವಾಕ್ಯವೃಂದದೊಳಗೇ ಒಂದು ಉಪಾಯವಿಟ್ಟಿದ್ದೆ. ಅದನ್ನು ಇಂದಿಗೂ ಬಳಸುತ್ತಿರುವುದರಿಂದ ಇಲ್ಲಿ ವಿವರಿಸುವುದಿಲ್ಲ.

ನಮ್ಮದು ನೇಕಾರರ ಊರು, ಹೆಚ್ಚಿನ ಮನೆಗಳಲ್ಲಿ ಖಣ (ರವಿಕೆಯ ಬಟ್ಟೆ) ನೇಯುವ ಮಗ್ಗ. "ಸರ, ಮಗ್ಗ ನಡದೈತ್ರಿ, ಆಮ್ಯಾಲ ಫೋನ್ ಮಾಡ್ರಿ" ಎಂಬ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆದ್ದರಿಂದ ಬೆಳಗಿನ ಐದೂವರೆಯಿಂದ ಏಳರವರೆಗೆ, ಇಲ್ಲವೇ ರಾತ್ರಿ ಎಂಟರ ನಂತರ ಕರೆ ಮಾಡುತ್ತಿದ್ದೆ. ಒಂದು ದಿನ ಚೀಟಿ ಕಳೆದುಕೊಂಡಿದ್ದ ಏಳನೆಯ ತರಗತಿಯ ಹುಡುಗನಿಗೆ, ಹಾಗಾದರೆ ಮನೆಯಲ್ಲಿ ಖಣ ಹೇಗೆ ನೇಯುತ್ತಾರೆಂದು ಹೇಳು ಎಂದೆ. ಬರವಣಿಗೆಯಲ್ಲಿ ಯಾವಾಗಲೂ ಹತ್ತಕ್ಕೆ ಎರಡು ಪಡೆಯುತ್ತಿದ್ದ ಆ ಹುಡುಗ, ಹಾಸು ಕಟ್ಟುವುದರಿಂದ ಹಿಡಿದು ಕಂಡಿಕೆ ಸುತ್ತುವುದು, ಲಾಳಿ ಎಸೆಯುವುದು, ಎಳೆ ಕಡಿದರೆ ಗಂಟು ಹಾಕುವುದು, ಎಲ್ಲವನ್ನೂ ಒಂದರ ನಂತರ ಒಂದಾಗಿ, ಎಲ್ಲಿಯೂ ಹಿಂದುಮುಂದಾಗದಂತೆ ನಾಲ್ಕು ನಿಮಿಷ ಹೇಳಿದ. ಅವನ ಭಾಷೆಯನ್ನು ಎರಡು ವರ್ಷ ನಾನು ಅಳೆದೇ ಇರಲಿಲ್ಲ, ಅವನ ಕಾಗುಣಿತವನ್ನಷ್ಟೇ ಅಳೆದಿದ್ದೆ ಎಂಬುದು ಅಂದು ತಿಳಿಯಿತು. ಇದೇ ಪ್ರಶ್ನೆಯನ್ನು ಇನ್ನೂ ಹನ್ನೆರಡು ಮಕ್ಕಳಿಗೆ ಕೇಳಿ ನೋಡಿದೆ. ಮಗ್ಗವಿಲ್ಲದ ಮನೆಯವರಿಗೆ ರೊಟ್ಟಿ ಬಡಿಯುವುದನ್ನು ಕೇಳಿದೆ. ಐದಾರು ಮಕ್ಕಳ ವಿಷಯದಲ್ಲಿ ನನ್ನ ಹಳೆಯ ಅಂದಾಜು ತಲೆಕೆಳಗಾಯಿತು.

ನಾವು ಕೊಡುವ ಅಂಕ ಸರಿಯೇ ಎಂಬ ಅನುಮಾನವೇ ನಮ್ಮ ನಿಜವಾದ ಕಲಿಕೆಗೆ ಕಾರಣವಾಯಿತು. ಮೂವರು ಕನ್ನಡದವರು, ಒಬ್ಬರು ಇಂಗ್ಲಿಷಿನವರು, ಒಬ್ಬರು ಹಿಂದಿಯವರು, ಹೀಗೆ ಐವರು ಭಾಷಾ ಶಿಕ್ಷಕರು ಭಾನುವಾರ ಫೋನಿನಲ್ಲಿ ಸೇರತೊಡಗಿದೆವು. ಹೆಸರು ಮುಚ್ಚಿದ ಹತ್ತು ಬರಹಗಳನ್ನು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಒಂದೇ ಗಳಿಗೆಯಲ್ಲಿ ಬಹಿರಂಗಪಡಿಸಬೇಕೆಂಬುದು ನಿಯಮ. ಮೊದಲ ವಾರ ಬನಶಂಕರಿ ಜಾತ್ರೆಯ ಬಗ್ಗೆ ಒಬ್ಬ ಹುಡುಗಿ ಬರೆದ ಒಂದೇ ಪುಟಕ್ಕೆ ಮೂರು, ನಾಲ್ಕು, ಐದು, ಏಳು ಮತ್ತು ಎಂಟು ಅಂಕಗಳು ಬಂದವು. ನಾಲ್ಕು ಕೊಟ್ಟವನು ನಾನು. ಹದಿನೈದು, ಇಪ್ಪತ್ತು ವರ್ಷ ತಿದ್ದಿದ ಕೈಗಳಿವು. ಎರಡು ತಾಸು ವಾದ ನಡೆಯಿತು.

ಮೂರು ಕೊಟ್ಟವರು "ಜಾತ್ರಿ", "ಮನಿ", "ಎಳದ್ರು" ಎಂಬ ಪ್ರತಿಯೊಂದು ಪದಕ್ಕೂ ಕೆಂಪು ಗೆರೆ ಎಳೆದಿದ್ದರು. ಎಂಟು ಕೊಟ್ಟವರು ತೇರು ಎಳೆಯುವ ಮೊದಲು, ಎಳೆಯುವಾಗ, ಎಳೆದ ಮೇಲೆ ಎಂದು ಅವಳು ಹೇಳಿದ್ದ ಕ್ರಮವನ್ನು ನೋಡಿದ್ದರು. ನಾವು ಒಪ್ಪಿಕೊಂಡದ್ದಿಷ್ಟು: ಮನೆ ಎಂಬುದು ಮನಿ ಆಗುವುದು, ಶಾಲೆ ಶಾಲಿ ಆಗುವುದು ನಮ್ಮ ಭಾಗದ ಆಡುಮಾತಿನ ನಿಯಮ, ಅದಕ್ಕೆ ಇಡೀ ಬರಹಕ್ಕೆ ಒಂದೇ ಗುರುತು ಸಾಕು. ಒತ್ತಕ್ಷರ ಬಿಡುವುದು, ಅನುಸ್ವಾರ ಬಿಡುವುದು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡುವುದು ಬೇರೆ ಲೆಕ್ಕ. ಏನು ಹೇಳಿದೆ, ಹೇಗೆ ಜೋಡಿಸಿದೆ, ಲಿಪಿ ಹೇಗಿದೆ ಎಂದು ಮೂರು ಅಂಕಣ ಮಾಡಿಕೊಂಡು, ಲಿಪಿಯ ದೋಷಕ್ಕಾಗಿ ಮೊದಲ ಎರಡು ಅಂಕಣಗಳ ಅಂಕವನ್ನು ಮುಟ್ಟಬಾರದೆಂದು ತೀರ್ಮಾನಿಸಿದೆವು. ಆರೇಳು ಭಾನುವಾರಗಳಲ್ಲಿ ಐವರ ನಡುವಿನ ಅಂತರ ಹತ್ತಕ್ಕೆ ಒಂದೋ ಎರಡೋ ಅಂಕಕ್ಕೆ ಇಳಿಯಿತು. ಯಾವ ತರಬೇತಿಯಲ್ಲಿಯೂ ನಾನು ಇಷ್ಟನ್ನು ಕಲಿತಿರಲಿಲ್ಲ.

2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಭಾಷಾ ಪತ್ರಿಕೆಯೂ ಬಹುಆಯ್ಕೆಯ ರೂಪದಲ್ಲಿ, ಸರಿಯುತ್ತರದ ವೃತ್ತ ತುಂಬಿಸುವ ಓಎಂಆರ್ ಹಾಳೆಯ ಮೇಲೆ ನಡೆದಾಗ, ಇನ್ನು ಪ್ರಬಂಧ ತಿದ್ದುವ ಕೌಶಲ ಯಾರಿಗೆ ಬೇಕೆಂದು ಪ್ರೌಢಶಾಲೆಯ ಗೆಳೆಯರು ಕೇಳಿದರು. ಆ ವರ್ಷದ ಪರಿಸ್ಥಿತಿಗೆ ಆ ಪತ್ರಿಕೆ ಸರಿಯೇ ಇದ್ದಿರಬಹುದು, ಆದರೆ ಮಗು ನಾಲ್ಕು ವಾಕ್ಯಗಳನ್ನು ತಾನಾಗಿ ಕಟ್ಟಬಲ್ಲದೇ ಎಂಬುದನ್ನು ವೃತ್ತ ತುಂಬಿಸಿ ತಿಳಿಯಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖರ್ಚಿನ ವಿಚಾರ: ಮೂರು ತಿಂಗಳಿಗೆ ಸುಮಾರು 600 ರೂಪಾಯಿಯಂತೆ ರೀಚಾರ್ಜು, ಪುಟಕ್ಕೆ ಒಂದು ರೂಪಾಯಿಯಂತೆ ಝೆರಾಕ್ಸು, ಪೆಟ್ರೋಲು, ಎಲ್ಲ ಸೇರಿ ಒಂದು ವರ್ಷಕ್ಕೆ ಏಳು ಸಾವಿರದ ಹತ್ತಿರ ಕೈಯಿಂದ ಹೋಯಿತು. ಮೈಕಿನ ದುಡ್ಡು ಇದರಲ್ಲಿ ಸೇರಿಲ್ಲ. ಪುಟ ಅರ್ಧಕ್ಕೆ ಕತ್ತರಿಸಿ ಎರಡು ಚೀಟಿ ಮಾಡುವುದು ಮೊದಲೇ ಹೊಳೆದಿದ್ದರೆ ಸಾವಿರ ರೂಪಾಯಿಯಾದರೂ ಉಳಿಯುತ್ತಿತ್ತು.

ಶಾಲೆ ತೆರೆದ ಎರಡನೆಯ ವಾರ, ಸಭೆಯಲ್ಲಿ ಪ್ರಶ್ನಿಸಿದ್ದ ಅದೇ ಹಿರಿಯರನ್ನು ಕರೆದು, ಫೋನಿನಲ್ಲಿ ಅಳೆದ ಹಂತಗಳನ್ನು ಬರೆದಿಟ್ಟಿದ್ದ ನನ್ನ ಪುಸ್ತಕ ನೋಡದೆ ತಮ್ಮದೇ ವಾಕ್ಯವೃಂದದಿಂದ ಮಕ್ಕಳನ್ನು ಪರೀಕ್ಷಿಸಿ ನಾಲ್ಕು ಹಂತಗಳಲ್ಲಿ ವಿಂಗಡಿಸಲು ಕೇಳಿಕೊಂಡೆ. ಅಂದು ಹಾಜರಿದ್ದ ಐವತ್ತು ಮಕ್ಕಳಲ್ಲಿ ನಲವತ್ತನಾಲ್ಕು ಮಕ್ಕಳ ಹಂತ ನನ್ನ ಪುಸ್ತಕದಲ್ಲಿದ್ದ ಹಂತವೇ ಆಗಿತ್ತು. ನಾನು ಕೆಳಗೆ ಹಾಕಿದ್ದ ನಾಲ್ವರು ಮೇಲೆ ಬಂದರು, ಅವರಿಗೆ ಫೋನಿನಲ್ಲಿ ಮಾತನಾಡಲು ಅಂಜಿಕೆಯಿತ್ತು. ಮೇಲೆ ಹಾಕಿದ್ದ ಇಬ್ಬರು ಕೆಳಗಿಳಿದರು, ಅವರಿಗೆ ಪಕ್ಕದಲ್ಲಿ ಯಾರೋ ಹೇಳಿಕೊಡುತ್ತಿದ್ದರು. ಹಿರಿಯರು ಮರುದಿನವೇ ಬಂದು ನನ್ನ ಪುಸ್ತಕವನ್ನು ಝೆರಾಕ್ಸ್ ಮಾಡಿಸಿಕೊಳ್ಳಲು ಒಯ್ದರು.

ಐವರೂ ಈಗಲೂ ಪ್ರತಿ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ನಡೆಯುವ ಪರೀಕ್ಷೆಯ) ಮೊದಲು ಹತ್ತು ಹಾಳೆಗಳನ್ನು ಬದಲಾಯಿಸಿಕೊಳ್ಳುತ್ತೇವೆ. ಕಳೆದ ಸಲ ಒಂದು ಹಾಳೆಗೆ ಹಿಂದಿಯವರು ಐದು ಕೊಟ್ಟರೆ ನಾನು ಎಂಟು ಕೊಟ್ಟಿದ್ದೆ. ಆ ಹಾಳೆಯ ತೀರ್ಮಾನ ಇನ್ನೂ ಆಗಿಲ್ಲ. ಬರುವ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.